ದಡ್ಡರಿಲ್ಲದ ಮೂರು ತಾಲ್ಲೂಕುಗಳು

ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರೂ ತಾಲ್ಲೂಕುಗಳಲ್ಲಿ ಈಗ ದಡ್ಡ ಮಕ್ಕಳಿಲ್ಲ. ಮೊದಲು ಬೇಕಾದಷ್ಟು ಇದ್ದರು. ಹಿಂದಿನ ಬೆಂಚಿನಲ್ಲಿ, ಬೆಂಚಿಲ್ಲದ ಕಡೆ ಹಿಂದಿನ ಗೋಡೆಗೆ ಒರಗಿ ಕೂತಿರುತ್ತಿದ್ದರು. ಅವರೆಲ್ಲ ಹೋದರು. ಇದಕ್ಕಾಗಿ ಒಬ್ಬ ಮಾಸ್ತರನ್ನು ಹೆಚ್ಚಿಗೆ ಹಾಕಬೇಕಾಗಲಿಲ್ಲ, ಒಂದು ಕೋಣೆ ಕಟ್ಟಿಸಬೇಕಾಗಲಿಲ್ಲ. ಶಿಕ್ಷಕರ ತರಬೇತಿಯೇ ಸಾಕಾಯಿತು: ಬೆಳಿಗ್ಗೆ ಉಪ್ಪಿಟ್ಟು, ಎರಡು ಸಲ ಚಹಾ, ಮಧ್ಯಾಹ್ನ ಊಟ, ಒಂದು ಪ್ಯಾಡು, ಒಂದು ಪೆನ್ನು. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೊಡ್ಡ ಸಾಧನೆ ಕಲ್ಯಾಣ ಕರ್ನಾಟಕದಲ್ಲಿ ಇನ್ನೊಂದು ಆಗಿಲ್ಲ. ಸಂವಿಧಾನ ತಿದ್ದಿ 371(ಜೆ) ತಂದರೂ ಆಗದ ಕೆಲಸ ಇದು.

ಆ ತರಬೇತಿಗಳಲ್ಲಿ ಸಂಪನ್ಮೂಲ ವ್ಯಕ್ತಿಯಾಗಿ ದುಡಿದವನು ನಾನು. ಹಾಗಾಗಿ ಈ ಹೊಗಳಿಕೆಯಲ್ಲಿ ಸ್ವಂತದ ಪಾಲೂ ಸ್ವಲ್ಪ ಇದೆ. ಓದುಗರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಹಳೆಯ ಕಾಲ ನೆನಪಿದ್ದವರಿಗೆ ಈ ಬದಲಾವಣೆಯ ಬೆಲೆ ಗೊತ್ತು. ಮಗ್ಗಿ ಹೇಳಲು ಬಾರದ ಹುಡುಗನಿಗೆ ಮಾಸ್ತರು ಛಡಿಯಿಂದ ಎರಡು ಬಿಗಿದು, “ನಿನಗ ಸಾಲಿ ಯಾಕ ಬೇಕಲೇ, ಎಮ್ಮಿ ಕಾಯಾಕ ಹೋಗು” ಅನ್ನುತ್ತಿದ್ದರು. ಅದು ಬೈಗುಳ. ಇಂದು ಅದೇ ಹುಡುಗನ ಪ್ರಗತಿ ಪತ್ರದಲ್ಲಿ “ನಿಸರ್ಗ ಬುದ್ಧಿ: ಎ ಪ್ಲಸ್” ಎಂದು ಬರೆಯುತ್ತೇವೆ. ಹುಡುಗ ಎಮ್ಮೆ ಕಾಯುವುದು ತಪ್ಪಿಲ್ಲ, ಮಗ್ಗಿಯೂ ಬಂದಿಲ್ಲ. ಆದರೆ ಈಗ ಕಾಯುವುದು ಪ್ರಮಾಣಪತ್ರ ಇಟ್ಟುಕೊಂಡು. ಈ ವ್ಯತ್ಯಾಸ ಎಮ್ಮೆಗೆ ತಿಳಿಯದಿರಬಹುದು, ಶಿಕ್ಷಣಶಾಸ್ತ್ರಕ್ಕೆ ತಿಳಿಯುತ್ತದೆ.

ಇದರ ಮೂಲ ಅಮೆರಿಕದ ಹಾರ್ವರ್ಡ್‌ನಲ್ಲಿದೆ. 1983ರಲ್ಲಿ ಹೊವಾರ್ಡ್ ಗಾರ್ಡ್ನರ್ ಎಂಬವರು ‘ಫ್ರೇಮ್ಸ್ ಆಫ್ ಮೈಂಡ್’ ಎಂಬ ಪುಸ್ತಕ ಬರೆದು, ಬುದ್ಧಿ ಒಂದಲ್ಲ, ಏಳು ಎಂದರು: ಭಾಷೆಯದು, ತರ್ಕ-ಗಣಿತದ್ದು, ಸಂಗೀತದ್ದು, ಆಕಾರ-ಅವಕಾಶದ್ದು, ಮೈಕೈಯದು, ಮಂದಿಯನ್ನು ಅರಿಯುವುದು, ತನ್ನನ್ನು ಅರಿಯುವುದು. ಆಮೇಲೆ ನಿಸರ್ಗದ ಬುದ್ಧಿಯನ್ನು ಎಂಟನೆಯದಾಗಿ ಸೇರಿಸಿ ನಮ್ಮ ಎಮ್ಮೆ ಕಾಯುವವರಿಗೆ ಉಪಕಾರ ಮಾಡಿದರು. ಅತ್ತ ನ್ಯೂಜಿಲೆಂಡ್‌ನಲ್ಲಿ ಶಾಲೆಗಳ ಇನ್‌ಸ್ಪೆಕ್ಟರ್ ಆಗಿದ್ದ ನೀಲ್ ಫ್ಲೆಮಿಂಗ್ 1987ರ ಹೊತ್ತಿಗೆ ಮಕ್ಕಳನ್ನು ನಾಲ್ಕು ಗುಂಪು ಮಾಡಿದರು: ನೋಡಿ ಕಲಿಯುವವರು, ಕೇಳಿ ಕಲಿಯುವವರು, ಓದಿ-ಬರೆದು ಕಲಿಯುವವರು, ಮಾಡಿ ಕಲಿಯುವವರು. ಎಂಟನ್ನು ನಾಲ್ಕರಿಂದ ಗುಣಿಸಿ ನೋಡಿ. ಯಾವ ಮಗು ತಪ್ಪಿಸಿಕೊಂಡೀತು?

ಪ್ಯಾರಿಸ್‌ನ ಆಲ್ಫ್ರೆಡ್ ಬಿನೆ ಇದಕ್ಕೂ ಮೊದಲೇ ಒಂದು ಬುದ್ಧಿ ಪರೀಕ್ಷೆ ಮಾಡಿದ್ದರು. ಅದು 1905, ಅಂದರೆ ನಿಜಾಮರ ಸರ್ಕಾರ ಲಿಂಗಸುಗೂರು ಜಿಲ್ಲೆಯನ್ನು ತೆಗೆದುಹಾಕಿದ ವರ್ಷ. ಯಾವ ಮಕ್ಕಳು ಹಿಂದುಳಿದಿದ್ದಾರೆ, ಯಾರಿಗೆ ಹೆಚ್ಚು ಕಲಿಸಬೇಕು ಎಂದು ಗುರುತಿಸುವುದು ಬಿನೆ ಸಾಹೇಬರ ಉದ್ದೇಶವಾಗಿತ್ತು. ಹೆಚ್ಚು ಕಲಿಸುವ ಮಾತು ಬಂದ ಕೂಡಲೇ ಆ ದಾರಿ ನಮ್ಮದಲ್ಲ ಎಂದು ಬಿಟ್ಟೆವು. ಗಾರ್ಡ್ನರ್ ಹಿತವಾದರು. ಟಿಇಟಿ ಓದುವ ಹುಡುಗರನ್ನು ನಡುರಾತ್ರಿ ಎಬ್ಬಿಸಿ ಕೇಳಿದರೂ ಎಂಟೂ ಬುದ್ಧಿಗಳನ್ನು ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ಇವುಗಳನ್ನು ಅವರು ಕಲಿತದ್ದು ಉರು ಹೊಡೆದು. ಆ ಬುದ್ಧಿ ಎಂಟರ ಪಟ್ಟಿಯಲ್ಲಿಲ್ಲ.

ಸಿದ್ಧಾಂತ ದಿಲ್ಲಿ ಮುಟ್ಟಿ, ಬೆಂಗಳೂರಿನ ಡಿಎಸ್‌ಇಆರ್‌ಟಿ ಮುಟ್ಟಿ, ಯರಮರಸ್‌ನ ಡಯಟ್ ಮುಟ್ಟಿ, ಬಿಆರ್‌ಸಿ, ಸಿಆರ್‌ಸಿ ದಾಟಿ ನಮ್ಮ ಕೈಗೆ ಬಂದಾಗ ಇಪ್ಪತ್ತು ಸ್ಲೈಡು ಉಳಿದಿತ್ತು. ನಾನು ತರಬೇತಿ ಕೊಟ್ಟ ಮೊದಲ ದಿನ ಕರೆಂಟು ಇರಲಿಲ್ಲ. ಸ್ಲೈಡಿನಲ್ಲಿದ್ದುದನ್ನು ಬಾಯಲ್ಲಿ ಓದಿದೆ. ನೋಡಿ ಕಲಿಯುವ ಶಿಕ್ಷಕರಿಗೆ ಅಂದು ತುಸು ಅನ್ಯಾಯವಾಯಿತು, ಒಪ್ಪುತ್ತೇನೆ. ಆದರೆ ಅವರು ಅಷ್ಟೊತ್ತಿಗೆ ಕಣ್ಣು ಮುಚ್ಚಿದ್ದರು.

ಈ ಸಿದ್ಧಾಂತದ ನಿಜವಾದ ಸೊಬಗು ಇರುವುದು ಅದನ್ನು ಕೊರತೆಯ ಮೇಲೆ ಹಚ್ಚಿದಾಗ. ಪಠ್ಯಪುಸ್ತಕ ತಡವಾಗಿ ಬಂದರೆ ಮಕ್ಕಳು ಕೇಳಿ ಕಲಿಯುವವರು. ಮೇಷ್ಟ್ರು ಬಾರದಿದ್ದರೆ ಓದಿ-ಬರೆದು ಕಲಿಯುವವರು. ಪುಸ್ತಕವೂ ಇಲ್ಲ, ಮೇಷ್ಟ್ರೂ ಇಲ್ಲ ಎಂದಾದರೆ ತನ್ನನ್ನು ತಾನು ಅರಿಯುವ ಬುದ್ಧಿ ಬೆಳೆಯುತ್ತದೆ. ಋಷಿಮುನಿಗಳು ಇದಕ್ಕಾಗಿ ಕಾಡಿಗೆ ಹೋಗುತ್ತಿದ್ದರು, ನಮ್ಮ ಮಕ್ಕಳು ಊರಲ್ಲೇ ಪಡೆಯುತ್ತಾರೆ. ಮಾಳಿಗೆ ಸೋರಿ ತರಗತಿ ಬೇವಿನ ಮರದ ಕೆಳಗೆ ನಡೆದರೆ ನಿಸರ್ಗ ಬುದ್ಧಿ. ಗಣಿತಕ್ಕೆ ಖಾಯಂ ಶಿಕ್ಷಕರಿಲ್ಲದೆ ವರ್ಷಕ್ಕೊಬ್ಬ ಅತಿಥಿ ಶಿಕ್ಷಕರು ಬಂದು ಹೋದರೆ, ಬಗೆಬಗೆಯ ಬೋಧನಾ ಶೈಲಿಗಳ ಪರಿಚಯ.

ಹತ್ತಿ ಬಿಡಿಸುವ ಸುಗ್ಗಿ, ಮೆಣಸಿನಕಾಯಿ ಸುಗ್ಗಿ ಬಂದಾಗ ಹಾಜರಿ ಅರ್ಧಕ್ಕಿಳಿಯುತ್ತದೆ. ಮೊದಲು ಇದನ್ನು ಗೈರುಹಾಜರಿ ಎಂದು ಕೆಂಪು ಶಾಯಿಯಲ್ಲಿ ಬರೆದು ತಲೆ ಚಚ್ಚಿಕೊಳ್ಳುತ್ತಿದ್ದರು. ಮಾಡಿ ಕಲಿಯುವ ಮಗು ಹೊಲದಲ್ಲಿ ಮಾಡುತ್ತಿದೆ, ಕಲಿಯುತ್ತಿದೆ ಎಂದು ಈಗ ತಿಳಿದುಬಂದಿದೆ. ಗುಳೆ ಹೋದ ಮಕ್ಕಳದ್ದಂತೂ ಇನ್ನೂ ಮೇಲು. ಮಸ್ಕಿ, ಲಿಂಗಸುಗೂರಿನ ಒಣ ಊರುಗಳಿಂದ ಅಪ್ಪ-ಅವ್ವನ ಜೊತೆ ಬೆಂಗಳೂರಿಗೆ ಹೋಗಿ, ಕಟ್ಟುವ ಬಿಲ್ಡಿಂಗಿನ ಬುಡದಲ್ಲಿ ತಗಡಿನ ಶೆಡ್ಡಿನಲ್ಲಿದ್ದು, ತಮ್ಮನನ್ನು ಸೊಂಟದಲ್ಲಿ ಹೊತ್ತು ಆರನೇ ಮಾಳಿಗೆಯವರೆಗೆ ಹತ್ತಿಳಿಯುವ ಹುಡುಗಿಗೆ ಬರುವ ಆಕಾರ-ಅವಕಾಶದ ಬುದ್ಧಿಯನ್ನು ಯಾವ ಡ್ರಾಯಿಂಗ್ ಮಾಸ್ತರು ಕಲಿಸಬಲ್ಲರು? ಅವಳು ಮರಳಿ ಬಂದಾಗ ವಯಸ್ಸಿಗೆ ತಕ್ಕಂತೆ ಐದನೇ ತರಗತಿಗೆ ಸೇರಿಸಿಕೊಳ್ಳುತ್ತೇವೆ. ಮೂರನೇ ತರಗತಿಯ ಭಾಗಾಕಾರ ಬರುವುದಿಲ್ಲ ಎಂದು ಕೆಲವರು ಗೊಣಗುತ್ತಾರೆ. ಆ ಗೊಣಗಾಟದಲ್ಲಿ ಬುದ್ಧಿ ಒಂದೇ ಎಂಬ ಹಳೆಯ ಮೌಢ್ಯ ಇಣುಕುತ್ತದೆ.

ಮಂದಿಯನ್ನು ಅರಿಯುವ ಬುದ್ಧಿಯ ವಿಷಯದಲ್ಲಿ ಮಾತ್ರ ನಮಗೆ ಪೆಟ್ಟು ಬಿತ್ತು. ಎಸ್ಸೆಸ್ಸೆಲ್ಸಿ ಕೋಣೆಯಲ್ಲಿ ಮುಂದಿನವನ ಉತ್ತರ ಹಿಂದಿನವನಿಗೆ, ಕಿಟಕಿಯ ಹೊರಗಿನವನ ಉತ್ತರ ಒಳಗಿನವನಿಗೆ ಮುಟ್ಟುವುದನ್ನು ಸಹಕಾರಿ ಕಲಿಕೆ ಎಂದೇ ಕರೆಯಬೇಕಿತ್ತು. 2024ರಲ್ಲಿ ಕೋಣೆಕೋಣೆಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಫಲಿತಾಂಶ ಶೇ 73.40ಕ್ಕೆ ಬಂತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಉಡುಪಿ ಮೊದಲು, ನಮ್ಮ ಪಕ್ಕದ ಯಾದಗಿರಿ ಕೊನೆ, ಶೇ 50.59. ಉಳಿದ ಏಳು ಬುದ್ಧಿಗಳಿಗೆ ಕ್ಯಾಮೆರಾದಿಂದ ತೊಂದರೆಯಾದ ವರದಿ ಇಲ್ಲ. ಇದೊಂದರ ಮೇಲೆ ಮಾತ್ರ ಈ ದ್ವೇಷ ಯಾಕೆ?

ಭಾಷೆಯ ಬುದ್ಧಿಯನ್ನು ಅಳೆಯುವುದರಲ್ಲಿ ನಮ್ಮ ತಾಲ್ಲೂಕುಗಳು ಎಷ್ಟು ಮುಂದಿವೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳಿವೆ. ಅಲ್ಲಿನ ಒಬ್ಬ ಹುಡುಗ ತಾಯಿಯ ಜೊತೆ ಬಂಗಾಳಿ ಆಡುತ್ತಾನೆ, ಸಾಲಿಯಲ್ಲಿ ಕನ್ನಡ, ಭತ್ತದ ಗದ್ದೆಯ ಆಂಧ್ರದ ಮಾಲೀಕರ ಹತ್ತಿರ ತೆಲುಗು, ಮೊಬೈಲಿನಲ್ಲಿ ಹಿಂದಿ. ನಾಲ್ಕು ಭಾಷೆಗಳಲ್ಲಿ ಚೌಕಾಶಿ ಮಾಡಬಲ್ಲ, ಮೂರರಲ್ಲಿ ಬೈಯಬಲ್ಲ. ಆದರೆ ಇಂಗ್ಲಿಷ್ ಪದ್ಯ ಹೇಳುವಾಗ ತೊದಲಿದ. “ಭಾಷಾ ಬುದ್ಧಿ: ಸಾಧಾರಣ” ಎಂದು ನಮೂದಾಯಿತು. ಲಿಂಗಸುಗೂರು ಕಡೆಯ ತಾಂಡಾದಿಂದ ಒಂದನೇ ತರಗತಿಗೆ ಬಂದ ಲಂಬಾಣಿ ಹುಡುಗಿ ಮೂರು ತಿಂಗಳು ಬಾಯಿ ಬಿಡಲಿಲ್ಲ. ಮೇಷ್ಟ್ರ ಕನ್ನಡ ಅವಳಿಗೆ ಹೊಸತು, ಅವಳ ಮಾತು ಮೇಷ್ಟ್ರಿಗೆ ಹೊಸತು. ಹಳೆಯ ಕಾಲದ ಮೇಷ್ಟ್ರಾಗಿದ್ದರೆ ನಾಲ್ಕು ಗೋರ್‌ಬೋಲಿ ಪದ ಕಲಿಯುವ ಅಡ್ಡದಾರಿ ಹಿಡಿಯುತ್ತಿದ್ದರೋ ಏನೋ. ನಮ್ಮವರು ತರಬೇತಿ ಪಡೆದವರು. “ಅಂತರ್ಮುಖ ಬುದ್ಧಿ, ಪ್ರಬಲ” ಎಂದು ಬರೆದು ಸಹಿ ಹಾಕಿದರು.

ನಮ್ಮ ರಾಜ್ಯದಲ್ಲೇ ಹುಟ್ಟಿದ ಒಂದು ಪದ್ಧತಿ ಈ ವೈಜ್ಞಾನಿಕ ವರ್ಗೀಕರಣಕ್ಕೆ ಬಹಳ ಕಾಲ ಅಡ್ಡಿಯಾಗಿತ್ತು. ಅದೇ ನಲಿಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯ ಕೆಲವು ಸರ್ಕಾರಿ ಶಿಕ್ಷಕರು ಆಂಧ್ರದ ರಿಷಿವ್ಯಾಲಿ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ಶುರು ಮಾಡಿದರು; 2009-10ರಲ್ಲಿ ರಾಜ್ಯಕ್ಕೆಲ್ಲ ಬಂತು. ಮಗು ಯಾವ ಬಗೆಯದು ಎಂದು ನಲಿಕಲಿ ಕೇಳುವುದೇ ಇಲ್ಲ. ಗೋಡೆಯ ಮೇಲೆ ಕಲಿಕಾ ಏಣಿ. ಅದರಲ್ಲಿ ಪ್ರಾಣಿ, ಹಕ್ಕಿ, ವಾಹನಗಳ ಚಿತ್ರವಿರುವ ಮೆಟ್ಟಿಲುಗಳು. ಕೆಳಗೆ ಐದು ತಟ್ಟೆ: ಶಿಕ್ಷಕರು ಪೂರ್ತಿ ಕೈಹಿಡಿಯುವ ಗುಂಪು, ಅರ್ಧ ಕೈಹಿಡಿಯುವ ಗುಂಪು, ಗೆಳೆಯರು ನೆರವಾಗುವ ಎರಡು ಗುಂಪು, ತಾನೇ ಕಲಿಯುವ ಗುಂಪು. ಜಡೆಗೆ ಕೆಂಪು ರಿಬ್ಬನ್ ಕಟ್ಟಿದ ಒಬ್ಬ ಹುಡುಗಿ ಏಣಿಯ ಹತ್ತಿರ ಹೋಗಿ, ಚಿತ್ರದ ಮೇಲೆ ಬೆರಳಿಟ್ಟು, “ಟೀಚರ್, ನನಗ ಇದು ಬರಂಗಿಲ್ರಿ” ಎಂದಳು. ಟೀಚರು ಕಾರ್ಡು ತೆಗೆದು ಅವಳ ಪಕ್ಕದಲ್ಲಿ ಚಾಪೆಯ ಮೇಲೆ ಕೂತರು. ಎಷ್ಟು ಒರಟು ವಿಧಾನ ನೋಡಿ: ಮಗುವಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ದಿನಾ ತಿಳಿದುಕೊಳ್ಳುವುದು, ಬಾರದಿದ್ದುದನ್ನು ಕಲಿಸುವುದು! ಮೂರು ತರಗತಿಗೆ ಒಬ್ಬರೇ ಟೀಚರು, ಜೊತೆಗೆ ಆನ್‌ಲೈನ್ ಎಂಟ್ರಿ, ಸಮೀಕ್ಷೆ, ಮೊಟ್ಟೆಯ ಲೆಕ್ಕ. ಚಾಪೆಯ ಮೇಲೆ ಕೂರಲು ಅವರಿಗೆ ಬಿಡುವೆಲ್ಲಿ? ಬಗೆ ಗುರುತಿಸುವುದಾದರೆ ವರ್ಷಕ್ಕೊಮ್ಮೆ, ಫಾರ್ಮಿನಲ್ಲಿ, ನಿಂತುಕೊಂಡೇ ಮುಗಿಯುತ್ತದೆ.

ಮೊಟ್ಟೆಯ ಮಾತು ಬಂತು. 2021ರ ಡಿಸೆಂಬರಿನಲ್ಲಿ ರಾಯಚೂರೂ ಸೇರಿ ಏಳು ಜಿಲ್ಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಶುರುವಾದಾಗ ಮಕ್ಕಳನ್ನು ಮೊಟ್ಟೆ ತಿನ್ನುವವರು, ಬಾಳೆಹಣ್ಣು ತಿನ್ನುವವರು ಎಂದು ಎರಡು ಗುಂಪು ಮಾಡಿದರು. ನಾನು ಕಂಡ ವರ್ಗೀಕರಣಗಳಲ್ಲಿ ಮಕ್ಕಳು ಸ್ವತಃ ಒಪ್ಪಿದ್ದು ಇದೊಂದೇ.

ಲಿಂಗಸುಗೂರಿನ ಒಂದು ತರಬೇತಿಯಲ್ಲಿ ನನಗೆ ಅಪಸ್ವರವೂ ಕೇಳಿತು. “ಪ್ರತಿ ಮಗುವಿನೊಳಗೂ ಚಿನ್ನ ಇದೆ” ಎಂಬ ಸ್ಲೈಡು ಹಾಕಿದ್ದೆ, ಹಿನ್ನೆಲೆಯಲ್ಲಿ ಸೂರ್ಯೋದಯ. ಹಟ್ಟಿಯ ಕಡೆಯ ಒಬ್ಬ ಮೇಷ್ಟ್ರು ಎದ್ದರು; ಅವರ ತಂದೆ ಗಣಿಯಲ್ಲಿ ದುಡಿದವರಂತೆ. “ಸರ, ಹಟ್ಟ್ಯಾಗ ಕಲ್ಲಿನ್ಯಾಗ ಬಂಗಾರ ಐತಿ ಅನ್ನೋದು ಸಣ್ಣ ಹುಡುಗರಿಗೂ ಗೊತ್ತೈತ್ರಿ. ಐತಿ ಅಂದ ಕೂಡ್ಲೇ ಬರಂಗಿಲ್ಲ. ಕೆಳಗ ಇಳೀಬೇಕು, ತೂತು ಹೊಡೀಬೇಕು, ಮದ್ದಿಟ್ಟು ಹಾರಸಬೇಕು, ಕಲ್ಲು ಮ್ಯಾಲ ತಂದು ಪುಡಿ ಮಾಡಿ ಸೈನೈಡಿನ್ಯಾಗ ತೊಳೀಬೇಕು. ಟನ್ ಕಲ್ಲು ಅರದ್ರ ನಾಕಾಣೆ ಬಂಗಾರ ಸಿಗ್ತೈತಿ. ನಾವು ಇಲ್ಲಿ ಕಲ್ಲಿನ ಮ್ಯಾಲ ‘ಬಂಗಾರ’ ಅಂತ ಚೀಟಿ ಹಚ್ಚಿ ಮನಿಗೆ ಹೋಗಾಕತ್ತೀವಲ್ರೀ?” ಸಭೆಯಲ್ಲಿ ಯಾರೋ ನಕ್ಕರು. ನಾನು ಅವರ ಹೆಸರಿನ ಮುಂದೆ “ತಾರ್ಕಿಕ ಬುದ್ಧಿ” ಎಂದು ಬರೆದುಕೊಂಡು ಮುಂದಿನ ಸ್ಲೈಡಿಗೆ ಹೋದೆ.

ಇನ್ನು ವಿಜ್ಞಾನದ ಕೊಟ್ಟಕೊನೆಯ ಮಾತು, ಬೆರಳಚ್ಚು. ಇದನ್ನು ಡಿಎಂಐಟಿ ಎನ್ನುತ್ತಾರೆ. ತಾಯಿಯ ಹೊಟ್ಟೆಯಲ್ಲಿರುವಾಗಲೇ ಬೆರಳಿನ ಗೆರೆಗಳೂ ಮೆದುಳೂ ಕೂಡಿ ಬೆಳೆಯುತ್ತವೆ, ಹತ್ತು ಬೆರಳು ಓದಿದರೆ ಎಂಟು ಬುದ್ಧಿಯೂ ಕಾಣುತ್ತದೆ ಎಂಬುದು ಅದರ ತತ್ವ. 1897ರಲ್ಲಿ ಕಲ್ಕತ್ತದಲ್ಲಿ ಬೆರಳಚ್ಚು ಕಚೇರಿ ತೆರೆದ ಬ್ರಿಟಿಷರು ಈ ಗೆರೆಗಳಲ್ಲಿ ಕಳ್ಳರನ್ನು ಮಾತ್ರ ಹುಡುಕಿ ಎಂಥ ಸಂಪತ್ತು ಕಳೆದುಕೊಂಡರು! ನಮ್ಮ ಅಜ್ಜಂದಿರು ಸಾವಕಾರನ ಪತ್ರಕ್ಕೆ ಒಂದೇ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡವರು. ಮೊಮ್ಮಕ್ಕಳು ಹತ್ತೂ ಬೆರಳು ಒತ್ತುತ್ತಾರೆ, ಹೋಗುವುದು ಕೆಲವು ಸಾವಿರ ರೂಪಾಯಿ ಮಾತ್ರ. ಪ್ರಗತಿ ಎಂದರೆ ಇದು.

ಸಿಂಧನೂರಿನ ಒಂದು ಖಾಸಗಿ ಶಾಲೆಯಲ್ಲಿ ಈ ಪರೀಕ್ಷೆ ನಡೆದಾಗ ನಾನು ಅತಿಥಿಯಾಗಿ ಹೋಗಿದ್ದೆ. ಟೇಬಲ್ಲಿನ ಮೇಲೆ ಲ್ಯಾಪ್‌ಟಾಪು, ಕೆಂಪು ಬೆಳಕಿನ ಸ್ಕ್ಯಾನರು, ಟೈ ಕಟ್ಟಿದ ಯುವಕ. ಮೊದಲು ರೈಸ್‌ಮಿಲ್ ಮಾಲೀಕರ ಮಗ ಕೂತ. ಬಣ್ಣಬಣ್ಣದ ದಪ್ಪ ವರದಿ ಬಂತು: ಹುಡುಗ ಡಾಕ್ಟರ್ ಆಗಬಹುದು, ಎಂಜಿನಿಯರ್ ಆಗಬಹುದು, ಉದ್ಯಮಿ ಆಗಬಹುದು, ಕ್ರೀಡೆಯಲ್ಲೂ ಮಿಂಚಬಹುದು. ಮಿಲ್ ಮಾಲೀಕರು ಬಹಳ ಹೊತ್ತು ಓದಿ, “ರೈಸ್‌ಮಿಲ್ ನೋಡ್ಕೊಳ್ಳೋದು ಇಲ್ಲೇನ್ರಿ?” ಎಂದು ಕೇಳಿದರು. ಉದ್ಯಮಿ ಎಂಬುದರಲ್ಲೇ ಅದು ಬರುತ್ತದೆ ಎಂದು ಯುವಕ ವಿವರಿಸಿದ. ಸಮಾಧಾನವಾಯಿತು.

ಶಾಲೆಯ ಕಸ ಹೊಡೆಯುವ ಅಕ್ಕ ತನ್ನ ಮಗಳನ್ನು ಕರೆತಂದಿದ್ದಳು. ಮುಖ್ಯ ಗುರುಗಳು ಉದಾರ ಮನಸ್ಸಿನಿಂದ, ಅವಳದೂ ಪುಕ್ಕಟೆ ತೆಗೆದುಬಿಡಿ ಎಂದರು. ಹುಡುಗಿ ಬೆರಳಿಟ್ಟಳು. ಸ್ಕ್ಯಾನರು ಕುಂಯ್ ಎಂದಿತು. ತೋರು ಬೆರಳು, ನಡು ಬೆರಳು, ಮತ್ತೆ ಹೆಬ್ಬೆಟ್ಟು. ರಜೆಯಲ್ಲೆಲ್ಲ ಮೆಣಸಿನಕಾಯಿ ಬಿಡಿಸಿ, ಹತ್ತಿ ಬಿಡಿಸಿ ತುದಿ ನುಣ್ಣಗಾಗಿದ್ದವು. “ತಗೊಳವಲ್ದು” ಎಂದ ಯುವಕ.

ಅಕ್ಕನಿಗೆ ಇದು ಹೊಸತಲ್ಲ. “ರೇಷನ್ ಅಂಗಡ್ಯಾಗೂ ನನ್ನ ಥಂಬು ಹಿಂಗ ಮಾಡ್ತೈತ್ರೀ ಸರ. ಸೆರಗಿಗೆ ಒರಸಿ ಇಡು ಅಂತಾರ.” ಒರಸಿದರು, ಎಣ್ಣೆ ಹಚ್ಚಿದರು, ಮತ್ತೆ ಒರಸಿದರು. ಸ್ಕ್ಯಾನರು ಒಪ್ಪಲಿಲ್ಲ. ಹತ್ತರಲ್ಲಿ ಎಂಟು ಬೆರಳಿನ ಮುಂದೆ ಸಾಫ್ಟ್‌ವೇರು ‘ಡೇಟಾ ಇಲ್ಲ’ ಎಂದು ತೋರಿಸಿತು. ಬುದ್ಧಿ ಇಲ್ಲ ಎಂದಲ್ಲ, ಗಮನಿಸಿ, ಡೇಟಾ ಇಲ್ಲ. ವಿಜ್ಞಾನ ಯಾರನ್ನೂ ಅವಮಾನಿಸುವುದಿಲ್ಲ.

ಇಷ್ಟು ಹೊತ್ತೂ ಸಾಲನ್ನೇ ನೋಡುತ್ತ ಕೂತಿದ್ದ ಹುಡುಗಿ ಏಳುವಾಗ ಅವ್ವನಿಗೆ ಹೇಳಿದ್ದು ನಮಗೂ ಕೇಳಿತು: “ಮೂವತ್ತು ಮಂದಿ ಅದಾರ ಯವ್ವಾ. ತಲಿಗೆ ಮೂರೂವರಿ ಸಾವಿರ ಅಂದ್ರ ಇವತ್ತು ಅಣ್ಣಾರಿಗೆ ಒಂದು ಲಕ್ಷದ ಐದು ಸಾವಿರ ಆತು.” ಟೈ ಸಡಿಲ ಮಾಡಿಕೊಂಡ ಯುವಕ ಅವಳಿಗೆ ಒಂದು ಚಾಕಲೇಟು ಕೊಟ್ಟು, ಇಂಥ ಲೆಕ್ಕವನ್ನು ಜೋರಾಗಿ ಹೇಳಬಾರದು ಎಂದು ಬುದ್ಧಿ ಹೇಳಿದ. ಆ ದಿನ ಅಲ್ಲಿ ನಡೆದ ಬೋಧನೆ ಅದೊಂದೇ. ಹುಡುಗಿ ಕೂಡಲೇ ಕಲಿತಳು, ಯಾವ ಶೈಲಿಯಲ್ಲಿ ಎಂದು ದಾಖಲಾಗಲಿಲ್ಲ.

ಈ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲ ಎಂದು ಭಾರತೀಯ ಮನೋವೈದ್ಯರ ಸಂಘ ಹೇಳಿದೆ. ಬೆರಳು ಬಿಟ್ಟು ಮನಸ್ಸು ನೋಡುವ ಅಭ್ಯಾಸದವರು, ಅವರಿಂದ ಇನ್ನೇನು ನಿರೀಕ್ಷಿಸಲಾದೀತು? ವಿಘ್ನಸಂತೋಷಿಗಳು ಹೊರದೇಶದಲ್ಲೂ ಇದ್ದಾರೆ. 2004ರಲ್ಲಿ ಇಂಗ್ಲೆಂಡಿನ ಫ್ರಾಂಕ್ ಕಾಫೀಲ್ಡ್ ಮತ್ತು ಸಂಗಡಿಗರು ಕಲಿಕಾ ಶೈಲಿಗಳ ಮಾದರಿ ಎಷ್ಟಿವೆ ಎಂದು ಎಣಿಸಿದರು. 71 ಸಿಕ್ಕವು. ನಮಗಿದು ಸಮೃದ್ಧಿ, ಅವರಿಗೆ ಗೊಂದಲ. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಇನ್ನು ಮೂವರು ಪ್ರಾಧ್ಯಾಪಕರು ಇನ್ನೂ ಕೆಡಕು ಮಾಡಿದರು. ಅವರು ಕೇಳಿದ್ದು ಇಷ್ಟು: ನೋಡಿ ಕಲಿಯುವವರು, ಕೇಳಿ ಕಲಿಯುವವರು ಎಂದು ಮಕ್ಕಳನ್ನು ಬೇರೆ ಮಾಡಿ, ಎರಡೂ ಗುಂಪಿನ ಅರ್ಧರ್ಧ ಮಕ್ಕಳಿಗೆ ತೋರಿಸಿ ಕಲಿಸಿ, ಉಳಿದರ್ಧಕ್ಕೆ ಹೇಳಿ ಕಲಿಸಿ, ಎಲ್ಲರಿಗೂ ಒಂದೇ ಪರೀಕ್ಷೆ ಕೊಡಿ. ಶೈಲಿಗೆ ಹೊಂದುವ ಪಾಠ ಸಿಕ್ಕವರು ಹೆಚ್ಚು ಕಲಿತದ್ದು ಕಂಡರೆ ಸಿದ್ಧಾಂತ ನಿಜ. ಹೀಗೆ ಸರಿಯಾಗಿ ಮಾಡಿದ ಪ್ರಯೋಗಗಳೇ ಅಪರೂಪ. ಇದ್ದ ಕೆಲವುಗಳಲ್ಲಿ ಹೆಚ್ಚಿನವು ಸಿದ್ಧಾಂತಕ್ಕೆ ವಿರುದ್ಧವೇ ನಿಂತವು. ಇಷ್ಟಾದರೂ ಮಾರಾಟಕ್ಕೆ ಧಕ್ಕೆಯಾಗಲಿಲ್ಲ ಎಂಬುದು ಸಿದ್ಧಾಂತದ ಗಟ್ಟಿತನವನ್ನು ತೋರಿಸುತ್ತದೆ.

ಬೇಸರವಾದದ್ದು ಗಾರ್ಡ್ನರ್ ಅವರದೇ ನಡತೆಯಿಂದ. 2013ರಲ್ಲಿ ಅವರು ಪತ್ರಿಕೆಯಲ್ಲಿ ಬರೆದು, ತಮ್ಮ ಬಹುಬುದ್ಧಿ ಬೇರೆ, ಈ ಕಲಿಕಾ ಶೈಲಿ ಬೇರೆ, ಎರಡನ್ನೂ ಕಲಸಬೇಡಿ ಎಂದರು. ಪಾಪ, ವಯಸ್ಸಾದವರು. ಲಿಂಗಸುಗೂರಿನ ತರಬೇತಿಗೆ ಒಮ್ಮೆ ಬಂದಿದ್ದರೆ ಅವರ ಸಿದ್ಧಾಂತವನ್ನು ಅವರಿಗೆ ಅರ್ಥ ಮಾಡಿಸಿ ಕಳಿಸುತ್ತಿದ್ದೆವು.

ತರಬೇತಿಗೆ ಅಡುಗೆ ಮಾಡಲು ಬಂದ ಬಿಸಿಯೂಟದ ಅಕ್ಕ ಕೂಡ ಬಾಗಿಲಲ್ಲಿ ನಿಂತು ನನ್ನ ಮಾತು ಕೇಳಿ ಒಂದು ಅಭಿಪ್ರಾಯ ಕೊಟ್ಟಳು: “ಸೋಬಾನೆ ಪದ ಕೇಳೇ ಕಲೀಬೇಕ್ರಿ, ರೊಟ್ಟಿ ಬಡದೇ ಕಲೀಬೇಕು, ರಂಗೋಲಿ ನೋಡೇ ಕಲೀಬೇಕು. ಯಾರ ಮಗಳಾದ್ರೂ ಅಷ್ಟ. ಕೆಲಸ ನೋಡ್ರಿ ಸರ, ಹುಡುಗ್ರನ್ನ್ಯಾಕ ಭಾಗ ಮಾಡ್ತೀರಿ?” ಅವಳ ಸಾರು ರುಚಿಯಾಗಿತ್ತು. ಅಭಿಪ್ರಾಯಕ್ಕೆ ಸ್ಲೈಡು ಇರಲಿಲ್ಲ.

ನಮ್ಮ ನೆಲದಲ್ಲಿ ಇಂಥ ಅವೈಜ್ಞಾನಿಕ ಮನೋಭಾವ ಹಳೆಯದು ಎಂಬುದಕ್ಕೆ ಮಸ್ಕಿಯ ಗುಡ್ಡವೇ ಸಾಕ್ಷಿ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನ ಹುಡುಕುತ್ತ ಬಂದು ಅಶೋಕನ ಶಾಸನ ಕಂಡರು. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರನ್ನು ಮೊದಲು ಕೊಟ್ಟ ಶಾಸನ ಇದೇ ಎಂದು ಇತಿಹಾಸಕಾರರು ಕೊಂಡಾಡುತ್ತಾರೆ. ಅವರು ಹೆಸರು ಓದಿದರು. ಶಿಕ್ಷಣತಜ್ಞನಾಗಿ ನಾನು ಒಳಗಿನ ಮಾತು ಓದಿದೆ, ಗಾಬರಿಯಾಯಿತು. ಇದು ದೊಡ್ಡವರಿಗೆ ಮಾತ್ರ ದಕ್ಕುವಂಥದ್ದು ಎಂದು ತಿಳಿಯಬೇಡಿ, ಧರ್ಮದಲ್ಲಿ ತೊಡಗಿದರೆ ಸಣ್ಣವನಿಗೂ ದಕ್ಕುತ್ತದೆ ಎಂಬುದು ಅದರ ಸಾರಾಂಶ. ಸಣ್ಣವನು ಯಾವ ಬಗೆಯ ಸಣ್ಣವನು, ದೃಶ್ಯವೋ ಶ್ರವಣವೋ ಎಂಬ ವಿಚಾರಣೆಯೇ ಇಲ್ಲ! ಅದೂ ಸಾಲದೆ ಮಸ್ಕಿಗೆ, ಕೊಪ್ಪಳದ ಗವಿಮಠಕ್ಕೆ, ಪಾಲ್ಕಿಗುಂಡುವಿಗೆ, ಬಳ್ಳಾರಿ ಕಡೆಯ ನಿಟ್ಟೂರು, ಉಡೇಗೋಳಕ್ಕೆ, ಚಿತ್ರದುರ್ಗದ ಬ್ರಹ್ಮಗಿರಿಗೆ ಹೆಚ್ಚುಕಡಿಮೆ ಅದೇ ಪಾಠ. ಮೌರ್ಯ ಸಾಮ್ರಾಜ್ಯ ಯಾಕೆ ಬಿತ್ತು ಎಂದು ಕೇಳುವವರು ಇತ್ತ ಗಮನ ಕೊಡಬೇಕು.

ಇಷ್ಟೆಲ್ಲ ಬಗೆ ಒಪ್ಪಿಕೊಂಡ ಮೇಲೂ ಜನರು ನವೋದಯ ಪರೀಕ್ಷೆಗೆ ಯಾಕೆ ಮುಗಿಬೀಳುತ್ತಾರೆ ಎಂಬುದೊಂದು ಒಗಟು. ನಮ್ಮ ಜಿಲ್ಲೆಯ ನವೋದಯ ಮುದಗಲ್‌ನಲ್ಲಿದೆ. ಆರನೇ ತರಗತಿಗೆ ಪ್ರವೇಶ. ಎರಡು ತಾಸು, 80 ಪ್ರಶ್ನೆ, 100 ಅಂಕ, 40 ಪ್ರಶ್ನೆ ಬರೀ ಮಾನಸಿಕ ಸಾಮರ್ಥ್ಯದ್ದು, ಉಳಿದದ್ದು ಅಂಕಗಣಿತ, ಭಾಷೆ. ಡೊಳ್ಳು ಬಾರಿಸುವುದು, ಮೊಹರಮ್ಮಿನಲ್ಲಿ ಅಲಾಯಿ ಕುಣಿಯುವುದು, ಎಮ್ಮೆಯ ಬೆದೆ ಗುರುತಿಸುವುದು ಯಾವುದಕ್ಕೂ ಒಂದು ಅಂಕವಿಲ್ಲ. ಆದರೂ ಸಿಂಧನೂರು, ಲಿಂಗಸುಗೂರಿನ ಕೋಚಿಂಗ್ ಸೆಂಟರುಗಳಲ್ಲಿ ಹತ್ತು ವರ್ಷದ ಮಕ್ಕಳು ಬೆಳಗ್ಗೆ ಐದಕ್ಕೆ ಎದ್ದು ಆಕೃತಿಗಳ ಕನ್ನಡಿ ಬಿಂಬ ಗುರುತಿಸುತ್ತಿರುತ್ತಾರೆ. ನನ್ನ ಭಾಷಣಕ್ಕೆ ಜೋರಾಗಿ ಚಪ್ಪಾಳೆ ತಟ್ಟಿದ ಪಾಲಕರನ್ನು ಸಂಜೆ ಅಲ್ಲಿಯೇ ಗೇಟಿನ ಮುಂದೆ ಕಂಡಿದ್ದೇನೆ. ಸಿದ್ಧಾಂತ ಬೇರೆಯವರ ಮಕ್ಕಳಿಗೆ ಎಷ್ಟು ಚೆನ್ನಾಗಿ ಒಪ್ಪುತ್ತದೆ ಎಂಬುದು ಅವರಿಗೆ ಮನವರಿಕೆಯಾಗಿದೆ.

ನಿಮ್ಮ ಮಗನದು ಯಾವ ಬುದ್ಧಿ ಎಂದು ನನ್ನನ್ನೂ ಕೇಳುತ್ತಾರೆ. ಅವನ ಬೆರಳಚ್ಚು ತೆಗೆಸುವ ಅಗತ್ಯ ಬರಲಿಲ್ಲ. ಅವನದು ನೀಟ್ ಬುದ್ಧಿ ಎಂದು ಅವನು ಹುಟ್ಟುವ ಮೊದಲೇ ನನಗೂ ಅವರಮ್ಮನಿಗೂ ಗೊತ್ತಿತ್ತು. ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಮಂಗಳೂರು ಕಡೆಯ ಹಾಸ್ಟೆಲ್ಲಿಗೆ ಸೇರಿಸಿ ಬಂದೆ. ಅಲ್ಲಿ ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಎಲ್ಲರೂ ಒಂದೇ ಹಾಲಿನಲ್ಲಿ ಕೂತು ಒಂದೇ ಪುಸ್ತಕವನ್ನು ರಾತ್ರಿ ಹನ್ನೊಂದರವರೆಗೆ ಓದುತ್ತಾರೆ. ಹುಡುಗ ಚಿತ್ರ ಚೆನ್ನಾಗಿ ಬರೆಯುತ್ತಾನೆ. ಅದನ್ನು ವಾರ್ಡನ್ನರಿಗೆ ಹೇಳಿಯೇ ಬಂದಿದ್ದೇನೆ, ಕಂಡರೆ ಪೆನ್ಸಿಲು ಕಸಿದಿಟ್ಟುಕೊಳ್ಳಿ ಎಂದು.